ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದರೆ ಸೀರೆ ಅಂಗಡಿ ಹತ್ತಿರಾನಾ?

ತುಮಕೂರಿನ ಅಕ್ಕ:
ತಂಗಿ ಮದುವೆ ಗೊತ್ತಾಗಿದೆ. ಸೀರೆ ತೆಗೆಯೋಕೆ ಅಮ್ಮನ ಜೊತೆ ರೈಲಿನಲ್ಲಿ ಬರುತ್ತಿದ್ದೇನೆ. ಅಮ್ಮನಿಗೆ ಮಂಡಿನೋವು, ಜಾಸ್ತಿ ನಡೆಯೋಕಾಗಲ್ಲ. ಮೆಜೆಸ್ಟಿಕ್‌ನಿಂದ ಆಟೋನಾ, ಮೆಟ್ರೋನಾ? ಅಂದಹಾಗೆ, ಅಷ್ಟು ದೊಡ್ಡ ಪೇಟೆಗೆ ‘ಚಿಕ್ಕ’ಪೇಟೆ ಅಂತ ಯಾಕೆ ಹೆಸರು?

ಹಸಿರು ಲೈನ್:
ಮೆಟ್ರೋನೇ. ರೇಷ್ಮೆ ಸಂಸ್ಥೆ ಕಡೆ ಹೋಗುವ ರೈಲು ಹತ್ತಿ, ಮುಂದಿನ ನಿಲ್ದಾಣವೇ ಚಿಕ್ಕಪೇಟೆ. ನೆಲದಡಿ ಇದೆ, ಅಮ್ಮನನ್ನು ಲಿಫ್ಟ್‌ನಲ್ಲೇ ಕರೆದುಕೊಂಡು ಬನ್ನಿ.

ಪೇಟೆ ಮಗ:
ಅಕ್ಕ, ಹೆಸರಿನ ವಿಷಯ ನಾನು ಹೇಳುತ್ತೇನೆ. 1537ರಲ್ಲಿ ಕೆಂಪೇಗೌಡರು ಊರು ಕಟ್ಟುವಾಗ ಎತ್ತು ಹೂಡಿ ನಾಲ್ಕು ದಿಕ್ಕಿಗೂ ನೇಗಿಲು ಹೊಡೆಸಿದರು ಅಂತ ಹೇಳುತ್ತಾರೆ. ಆ ಗೆರೆಗಳೇ ಬೀದಿಗಳಾದವಂತೆ. ಉತ್ತರ-ದಕ್ಷಿಣದ್ದು ದೊಡ್ಡಪೇಟೆ, ಅದನ್ನೇ ನಾವೀಗ ಅವೆನ್ಯೂ ರಸ್ತೆ ಅನ್ನೋದು. ಅದಕ್ಕೆ ಅಡ್ಡ ಬರುವುದು ಚಿಕ್ಕಪೇಟೆ. ದೊಡ್ಡದು ಪಕ್ಕದಲ್ಲೇ ಇತ್ತಲ್ಲ, ಹಾಗಾಗಿ ಇದು ಚಿಕ್ಕದು.

ನಮ್ಮಪ್ಪ ಇಲ್ಲಿ ಒಂದು ಸೀರೆ ಅಂಗಡಿಯಲ್ಲಿ 31 ವರ್ಷ ಕೆಲಸ ಮಾಡಿದರು. ಬಿಳಿ ಬಟ್ಟೆ ಹಾಸಿದ ಗಾದಿ ಮೇಲೆ ಕೂತು, ಸೆರಗನ್ನು ತಮ್ಮ ಹೆಗಲ ಮೇಲೇ ಇಳಿಬಿಟ್ಟು ತೋರಿಸೋರು. ಗಿರಾಕಿ ಬೇಡ ಅಂದ ಸೀರೆಯನ್ನೂ ಹಳೇ ಮಡಿಕೆಗೆ ಸರಿಯಾಗಿ ಕೂರಿಸಿ, ಅಂಗೈಯಲ್ಲಿ ಒತ್ತಿ ಇಡೋರು. ಕೊಂಡವರಿಗೆ ಮಾತ್ರ, “ಮನೆಯಲ್ಲಿ ಆಗಾಗ ಮಡಿಕೆ ಬದಲಿಸಿ ತಾಯಿ, ಇಲ್ಲದಿದ್ದರೆ ಜರಿ ಅಲ್ಲೇ ಮುರಿಯತ್ತೆ” ಅನ್ನೋರು.

2017ರ ಜೂನ್‌ನಲ್ಲಿ ಈ ನಿಲ್ದಾಣ ಶುರುವಾಗುವ ಹೊತ್ತಿಗೆ ಅವರು ಕೆಲಸ ಬಿಟ್ಟಿದ್ದರು. ಒಂದು ಸಲ ಮೆಟ್ರೋದಲ್ಲಿ ಕರೆದುಕೊಂಡು ಬಂದೆ. ಮೆಜೆಸ್ಟಿಕ್‌ನಿಂದ ದಿನಾ ನಡೆದು ಬರುತ್ತಿದ್ದ ದಾರಿ ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಮುಗಿಯಿತು. ಮೇಲೆ ಬಂದು ಸುತ್ತ ನೋಡಿ, “ಬಳೇಪೇಟೆ ಯಾವಾಗ ದಾಟಿದ್ವೋ?” ಅಂತ ಕೇಳಿದರು. ಅವತ್ತು ವಾಪಸ್ ಹೋಗುವಾಗ ನಡೆದೇ ಹೋದೆವು.

ಅಮ್ಮನಿಗೆ ನಡೆಸಬೇಡಿ. ಆದರೆ ಅವೆನ್ಯೂ ರಸ್ತೆ ಕೂಡುವ ಆ ಚೌಕದಲ್ಲಿ ಒಂದು ನಿಮಿಷ ನಿಲ್ಲಿಸಿ ತೋರಿಸಿ. ಊರು ಶುರುವಾಗಿದ್ದು ಅಲ್ಲೇ.

ತುಮಕೂರಿನ ಅಕ್ಕ:
ಅಮ್ಮನಿಗೆ ಓದಿ ಹೇಳಿದೆ. ಅವರ ಧಾರೆ ಸೀರೆಯೂ ಚಿಕ್ಕಪೇಟೆಯದೇ! ಬೀರು ತೆಗೆದು ನೋಡಿದರೆ ಮಡಿಕೆ ಜಾಗದಲ್ಲಿ ಎರಡು ಕಡೆ ಜರಿ ಬಿಟ್ಟಿದೆ. ಸರಿ ಮಾಡಿಸಬಹುದಾ?

ಪೇಟೆ ಮಗ:
ಜೊತೆಗೆ ತನ್ನಿ ಅಕ್ಕ. ಸೀರೆ ತೆಗೆಯುವ ಅಂಗಡಿಯಲ್ಲೇ ಕೇಳಿ, ರಫೂ ಮಾಡುವವರು ಅವರಿಗೆ ಗೊತ್ತಿರುತ್ತಾರೆ. ಅಲ್ಲಿಯವರೆಗೆ ಬೇರೆ ಮಡಿಕೆಗೆ ಮಡಚಿ, ಹತ್ತಿ ಬಟ್ಟೆಯಲ್ಲಿ ಸುತ್ತಿಡಿ.