ಹಿರೇಬೆಣಕಲ್ ಗುಡ್ಡಕ್ಕ 14 ಮಂದಿ ಹೊಂಟೀವಿ, ಹೋಗಿ ಬಂದವರು ಹೇಳ್ರಿ

ರಾಯಚೂರು: ಡಿಸೆಂಬರ್‌ದಾಗ ಒಂದು ಭಾನುವಾರ ಗಂಗಾವತಿ ಹತ್ರದ ಹಿರೇಬೆಣಕಲ್ಲಿನ ಮೊರೇರ ಗುಡ್ಡ ಹತ್ತಿ, ಬಂಡೆಸಾಲಿನ ಮ್ಯಾಲೆ ಅಡ್ಡಾಡಿ ಸಂಜಿಗೆ ಇಳಿಯೋ ವಿಚಾರ ಅದ. ಇಬ್ಬರಿಗೆ 60 ದಾಟ್ಯಾವ. ನೀರು, ಬೂಟು, ಖರ್ಚು ಹೆಂಗ?

ಗಂಗಾವತಿ: ಮೊದಲು ನೀರು. ತಲೆಗೆ 3 ಲೀಟರ್, ಒಟ್ಟು 42. ಮ್ಯಾಲಿರೋ ಕೊಳದ ನೀರು ಕುಡಿಯಾಕ ಬರಂಗಿಲ್ಲ. ಲೀಟರ್ ಬಾಟ್ಲಿ ತಗೊಂಡ್ರ 840 ರೂಪಾಯಿ. 20 ಲೀಟರಿನ ಕ್ಯಾನ್ ಮೂರು 120ಕ್ಕ ಮುಗೀತು. ಗುಡ್ಡದ ಬುಡದಾಗ ತುಂಬಿಕೊಳ್ರಿ, ಉಳಿದ 18 ಲೀಟರ್ ಇಳಿದ ಮ್ಯಾಲೆ ಬೇಕಾಗ್ತೈತಿ. ಓಆರ್‌ಎಸ್ ದೊಡ್ಡ ಪಾಕೀಟಿಗೆ ಪೂರ್ತಿ ಒಂದು ಲೀಟರ್ ನೀರು. ಅರ್ಧ ಲೀಟರ್ ಬಾಟ್ಲಿಗೆ ಇಡೀ ಪಾಕೀಟು ಸುರಿದ್ರ ಉಪ್ಪು ಹೆಚ್ಚಾಗಿ ವಾಂತಿ ಬರ್ತೈತಿ. ಚಳಿಗಾಲ ಅಂತ ಮೈಮರೀಬ್ಯಾಡ್ರಿ. ಬಂಡೆ ಬೆಳಿಗ್ಗೆ ಕುಡಿದ ಬಿಸಿಲನ್ನ ಮಧ್ಯಾಹ್ನ ಮುಖಕ್ಕ ಹೊಡೀತೈತಿ. ಆರೂವರಿಗೆ ಬುಡದಾಗಿರ್ರಿ, 4ಕ್ಕ ಇಳಿಯಾಕ ಶುರು ಮಾಡ್ರಿ. 6ರೊಳಗ ಹೊತ್ತು ಮುಳುಗತೈತಿ. ಈ ಗುಡ್ಡದಾಗ ಚಿರತಿ, ಕರಡಿ ಅದಾವು.

ಸಂಡೂರು: ಬೂಟಿನ ವಿಷಯ ನಮ್ಮನ್ನ ಕೇಳ್ರಿ. 5,400 ಕೊಟ್ಟ ಬೂಟು, ನಾಲ್ಕು ವರ್ಷ ಕಪಾಟಲ್ಲಿ ಇಟ್ಟಿದ್ದಷ್ಟೇ. ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್ಕಿನ ಸೋಲು, ಅಂದ್ರೆ ಬೂಟಿನ ಅಡಿಭಾಗ, ಗಾಳಿಯ ತೇವಕ್ಕೆ ಒಳಗೊಳಗೇ ಕೆಡ್ತೈತೆ, ಮೇಲೆ ನೋಡಿದ್ರೆ ಹೊಸದು. ಎರಡು ಗಂಟೆ ನಡೆದರೆ ಕಿತ್ತು ಬಾಯಿ ತೆರೀತೈತೆ. ಅಂಟಿಗೆ 180, ಹೊಲಿಗೆಗೆ 250, ಎರಡೂ ದಂಡ. ಪುಡಿಯಾದ ಸೋಲಿಗೆ ಅಂಟು ಹಿಡಿಯೋದಿಲ್ಲ. ಹೆಬ್ಬೆರಳಲ್ಲಿ ಒತ್ತಿ ನೋಡ್ರಿ, ಸಣ್ಣ ಬಿರುಕು ಕಂಡ್ರೆ ಮನೇಲೇ ಬಿಡ್ರಿ. ಎರಡು ಮೀಟರ್ ನೈಲಾನ್ ದಾರ ಚೀಲದಲ್ಲಿರಲಿ, ಕಿತ್ತರೆ ಕಟ್ಟಿಕೊಂಡು ಇಳೀಬಹುದು. ಇನ್ನೊಂದು ಮಾತು, ಆ ಬೋಳುಗುಡ್ಡಕ್ಕಿಂತ ನಮ್ಮ ಕುಮಾರಸ್ವಾಮಿ ಬೆಟ್ಟದ ಕಡೆ ನೆರಳೈತೆ.

ಗಂಗಾವತಿ: ಅವರು ಕೇಳಿದ್ದು ಬಂಡೆಗುಡ್ಡ. ನಿಮ್ಮದು ಅದಿರಿನ ಕೆಂಪು ಜಲ್ಲಿ, ಅಲ್ಲಿ ಆಳ ಹಲ್ಲಿನ ಸೋಲು ಬೇಕು. ಒಣಗಿದ ಗ್ರಾನೈಟಿಗೆ ಮೆತ್ತನ ರಬ್ಬರ್ ಸಾಕು, ಕಚ್ಚಿ ಹಿಡೀತೈತಿ. ಇಲ್ಲಿ ಕಾಲು ಜಾರೋದು ಮೂರು ಕಡೆ: ಬಂಡೆ ಬಿಟ್ಟ ಚಕ್ಕೆ, ಅದರ ಮ್ಯಾಲಿನ ಹರಳುಮರಳು, ಮಳೆನೀರು ಹರಿದ ಕಪ್ಪು ಪಟ್ಟಿ. ಗೊತ್ತಿಲ್ಲದ ಗುಡ್ಡಕ್ಕ ಬೋಳು ಅನಬ್ಯಾಡ್ರಿ.

ಕೊಪ್ಪಳ: ನಮ್ಮ ಲೆಕ್ಕ: ಗಾಡಿ 4,800, ಡ್ರೈವರ್ ಬತ್ತಾ 400, ಊಟ ತಲೆಗೆ 110ರಂಗ 1,540, ನೀರು 120, ಔಷಧಿ 350, ದಾರಿ ತೋರಿಸೋ ಊರವರಿಗೆ 1,000. ಒಟ್ಟು 8,210, ತಲೆಗೆ 587. ಕಡೀ ಸಾವಿರದಾಗ ಉಳಿಸಾಕ ಹೋಗಬ್ಯಾಡ್ರಿ. ಆಡು-ಕುರಿ ದಾರಿ ಹತ್ತು ಕಡೆ ಕವಲೊಡೀತಾವು, ಹಿಡಿದು ಹೋದ್ರ ಜಾಲಿಮುಳ್ಳಿಗೆ ಮುಟ್ಟಸ್ತಾವು. ಊಟಕ್ಕ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ. ಮೊಸರನ್ನ 11ಕ್ಕ ಹುಳಿ ಹಿಡೀತೈತಿ. ಮ್ಯಾಲೆ ನಗಾರಿಗಲ್ಲು, ಅಂದ್ರ ನಗಾರಿ ಹಂಗ ಸದ್ದು ಮಾಡೋ ಬಂಡೆ, ಬಾರಿಸಿ ನೋಡ್ರಿ, ಒಂದು ಕಿಲೋಮೀಟರ್ ಕೇಳಸ್ತೈತಿ.

ಸಂಡೂರು: ಖಡಕ್ ರೊಟ್ಟಿ ಬಾಯಿ ಒಣಗಿಸ್ತೈತೆ, ತಲೆಗೆ ಅರ್ಧ ಲೀಟರ್ ನೀರು ಹೆಚ್ಚು ಹಿಡೀತೈತೆ. ಆ 3 ಲೀಟರ್ ಲೆಕ್ಕ ಅಲ್ಲೇ ತಪ್ಪಿತು. ಮೆತ್ತನ ರೊಟ್ಟಿ ಒಯ್ಯಿರಿ.

ಆನೆಗೊಂದಿ: ರೊಟ್ಟಿ ಜಗಳ ಬಿಡ್ರಿ. ನಗಾರಿಗಲ್ಲು ಬಾರಿಸ್ರಿ ಅಂತ ಹೇಳೋದು ಹೆಂಗ್ರಿ? ನಿಜಾಮರ ಕಡೆ ಅಧಿಕಾರಿ ಮೆಡೋಸ್ ಟೇಲರ್ 1835ರಲ್ಲಿ ಬರೆದಿಟ್ಟ ಜಾಗ, 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರೈತಿ. ಸತ್ತವರಿಗಂತ ಹಳೇ ಕಾಲದಾಗ ಕಟ್ಟಿದ ಸುಮಾರು 400 ಕಲ್ಲಿನ ಸಮಾಧಿ ಅದಾವು, ಅದರಾಗ ಕಲ್ಮನೆಗಳೂ ಅದಾವು. ತೆಳು ಚಪ್ಪಡಿ ನಿಲ್ಲಿಸಿ ಮ್ಯಾಲೆ ಚಪ್ಪಡಿ ಹೊದಿಸಿದ್ದು, ನಡುವ ಗಾರೆ ಇಲ್ಲ. ಫೋಟೋಕ್ಕಂತ ನಾಲ್ಕು ಮಂದಿ ಹತ್ತಿದ್ರ ಭಾರ ಒಂದು ಅಂಚಿಗೆ ಬಿದ್ದು ನಿಂತ ಕಲ್ಲು ಸೀಳತೈತಿ. ಬಂಡೆಗೂಡಿನಾಗ ಹೆಜ್ಜೇನು ಕಟ್ಟಿರ್ತಾವು: ಹೊಗೆ, ಅತ್ತರು, ಡ್ರೋನ್, ಕೂಗಾಟ ಬ್ಯಾಡ. ಎದ್ದರೆ ಕೈ ಬೀಸದೆ ಮುಖ ಮುಚ್ಚಿ ದೂರ ಓಡ್ರಿ. ಕೊಂಡಿ ಉಗುರಿಂದ ಕೆರೆದು ತಕ್ಷಣ ತೆಗೀರಿ. ಉಸಿರು ಕಟ್ಟಿದ್ರ, ತುಟಿ ಬಾತ್ರ ಸೀದಾ ಗಂಗಾವತಿ ಆಸ್ಪತ್ರೆ.

ಕೊಪ್ಪಳ: ನಗಾರಿ ಅಂದಮ್ಯಾಲೆ ಬಾರಿಸಾಕ ಇಟ್ಟದ್ದಲ್ಲೇನು? ಕೈಯಿಂದ ಬಾರಿಸಿದ್ರ ಏನಾಗ್ತೈತಿ?

ಆನೆಗೊಂದಿ: ಕೈಯಿಂದ ಯಾರು ಬಾರಸ್ತಾರ? ಕಲ್ಲು ತಗೊಂಡು ಕುಟ್ಟತಾರ, ಚಕ್ಕೆ ಏಳತಾವು.

ರಾಯಚೂರು: 60 ದಾಟಿದವರದ್ದು ಯಾರೂ ಹೇಳಲಿಲ್ಲ.

ಗಂಗಾವತಿ: ಇಬ್ಬರಿಗೂ ಎರಡೆರಡು ಕೋಲು. ಇಳಿಯುವಾಗ 5ರಿಂದ 10 ಸೆಂ.ಮೀ ಉದ್ದ ಮಾಡ್ರಿ, ಮಣಕಾಲಿನ ಭಾರ ತಗ್ಗತೈತಿ. ಕಬ್ಬಿಣದ ತುದಿ ಬಂಡೆ ಮ್ಯಾಲೆ ಜಾರತೈತಿ, ರಬ್ಬರ್ ಟೊಪ್ಪಿಗೆ ಹಾಕ್ರಿ. ಬಂಡೆಸಂದಿ ದಾಟುವಾಗ ಮಣಿಕಟ್ಟಿನ ಪಟ್ಟಿ ಬಿಚ್ಚಿರಲಿ. ಕೋಲು ಸಿಕ್ಕಿಕೊಂಡ್ರ ಕೋಲು ಹೋಗಲಿ. ಅವರು ಸಾಲಿನಾಗ ಎರಡನೇದಾಗಿ ನಡೀಲಿ, ನಡಿಗಿ ಅವರದ್ದೇ. ಹಿಂದ ಉಳಿಸಿದ್ರ ಎಲ್ಲರೂ ದಣಿವಾರಿಸಿಕೊಂಡು ಏಳೋ ಹೊತ್ತಿಗೆ ಅವರು ಬಂದು ಮುಟ್ಟತಾರ, ಅವರಿಗೆ ಕುಂದ್ರಾಕ ಹೊತ್ತೇ ಸಿಗಂಗಿಲ್ಲ.