ಹೃದಯದ ಮಾತ್ರೆ ಇಟ್ಟುಕೊಂಡಿರುವವರು ಸಿಲ್ಡೆನಾಫಿಲ್ ಸೇವಿಸಬಹುದೇ?

ಪ್ರಶ್ನೆ:
ನನಗೆ 56 ವರ್ಷ. ಒಂದು ವರ್ಷದಿಂದ ನಿಮಿರುವಿಕೆಯ ತೊಂದರೆಯಿದೆ. ರಕ್ತದೊತ್ತಡಕ್ಕೆ ದಿನವೂ ಮಾತ್ರೆ ನುಂಗುತ್ತೇನೆ. ಎದೆ ಹಿಡಿದಂತಾದರೆ ನಾಲಿಗೆಯ ಕೆಳಗಿಟ್ಟುಕೊಳ್ಳಲು ವೈದ್ಯರು ಕೊಟ್ಟ ಪುಟ್ಟ ಮಾತ್ರೆಯೂ ಅಂಗಿಯ ಜೇಬಿನಲ್ಲಿರುತ್ತದೆ, ಆದರೆ ಅದನ್ನು ಬಳಸಿ ಎಂಟು ತಿಂಗಳಾಯಿತು. ಸ್ನೇಹಿತರೊಬ್ಬರು ಈ ತೊಂದರೆಗೆಂದು 100 ಮಿಲಿಗ್ರಾಂನ ಸಿಲ್ಡೆನಾಫಿಲ್ (ವಯಾಗ್ರಾದಲ್ಲಿರುವ ಔಷಧಿ) ಮಾತ್ರೆಗಳನ್ನು ಕೊಟ್ಟಿದ್ದಾರೆ. ವೈದ್ಯರ ಮುಂದೆ ಈ ಮಾತೆತ್ತಲು ಸಂಕೋಚ. ಅರ್ಧ ಮಾತ್ರೆ ತೆಗೆದುಕೊಂಡು ನೋಡಲೇ?

ಉತ್ತರ 1:
ದಯವಿಟ್ಟು ಅರ್ಧವನ್ನೂ ತೆಗೆದುಕೊಳ್ಳಬೇಡಿ. ಜೇಬಿನಲ್ಲಿರುವ ಆ ಮಾತ್ರೆ ನೈಟ್ರೇಟ್ ಗುಂಪಿನದೇ ಇರಬೇಕು. ಸ್ಟ್ರಿಪ್ಪಿನ ಮೇಲೆ ನೈಟ್ರೋಗ್ಲಿಸರಿನ್ ಅಥವಾ ಐಸೋಸಾರ್ಬೈಡ್ ಎಂಬ ಹೆಸರಿದೆಯೇ ನೋಡಿ. ರಕ್ತನಾಳಗಳನ್ನು ಸಡಿಲಿಸುವ ರಾಸಾಯನಿಕವನ್ನು ನೈಟ್ರೇಟ್ ಹೆಚ್ಚಿಸುತ್ತದೆ, ಸಿಲ್ಡೆನಾಫಿಲ್ ಅದೇ ರಾಸಾಯನಿಕ ನಾಶವಾಗದಂತೆ ತಡೆಯುತ್ತದೆ. ಎರಡೂ ಸೇರಿದರೆ ರಕ್ತದೊತ್ತಡವು ಪ್ರಾಣಕ್ಕೇ ಎರವಾಗುವಷ್ಟು ಕುಸಿಯಬಹುದು. ಎಂಟು ತಿಂಗಳಿಂದ ಬಳಸಿಲ್ಲ ಎಂಬುದು ಸಮಾಧಾನದ ಮಾತಲ್ಲ, ಏಕೆಂದರೆ ಎದೆನೋವು ಅದೇ ರಾತ್ರಿ ಬಂದರೆ ನಿಮ್ಮ ಕೈ ಮೊದಲು ಹೋಗುವುದು ಆ ಜೇಬಿಗೇ. ಸಿಲ್ಡೆನಾಫಿಲ್ ಸೇವಿಸಿದ 24 ಗಂಟೆಗಳವರೆಗೆ, ಅದೇ ಬಗೆಯ ಇನ್ನೊಂದು ಔಷಧಿ ಟಡಾಲಾಫಿಲ್ ಆದರೆ 48 ಗಂಟೆಗಳವರೆಗೆ, ನೈಟ್ರೇಟ್ ಕೊಡಬಾರದು. ಹೀಗಾಗಿ ಇಂಥ ಮಾತ್ರೆ ಸೇವಿಸಿದವರು ಯಾರೇ ಆಗಲಿ, ತುರ್ತು ಚಿಕಿತ್ಸೆಗೆ ಹೋದಾಗ ಅದನ್ನು ಮುಚ್ಚಿಡಬಾರದು.

ಉತ್ತರ 2:
ಸಂಕೋಚದಲ್ಲಿ ನಾನೂ ಎರಡು ವರ್ಷ ಕಳೆದವನು. ಕೊನೆಗೆ, ಸಮಾಲೋಚನೆ ಮುಗಿದು ಬಾಗಿಲವರೆಗೆ ಹೋದವನು ತಿರುಗಿ ಬಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ವೈದ್ಯರು ಪೆನ್ನು ಕೆಳಗಿಟ್ಟು, ಕುಳಿತುಕೊಳ್ಳಿ ಎಂದರು. ರಕ್ತಪರೀಕ್ಷೆಯಲ್ಲಿ ಗೊತ್ತಾದದ್ದು ಮಧುಮೇಹ. ಶಿಶ್ನದ ರಕ್ತನಾಳಗಳು ಹೃದಯದ ರಕ್ತನಾಳಗಳಿಗಿಂತ ಸಣ್ಣವಾದ್ದರಿಂದ ಕೆಲವರಲ್ಲಿ ರಕ್ತನಾಳದ ಕಾಯಿಲೆ ಮೊದಲು ಅಲ್ಲಿಯೇ ತೋರುತ್ತದೆ ಎಂದು ಅವರು ವಿವರಿಸಿದರು. ನಿಮಗೆ ಈಗಾಗಲೇ ಎದೆನೋವಿನ ಇತಿಹಾಸವಿರುವುದರಿಂದ, ಸಂಭೋಗದ ಶ್ರಮವನ್ನು ಹೃದಯ ತಾಳಬಲ್ಲದೇ ಎಂಬುದನ್ನೂ ಅವರೇ ನಿರ್ಧರಿಸಬೇಕು.

ಉತ್ತರ 3:
ವೈದ್ಯರ ಒಪ್ಪಿಗೆಯಿಂದ ಸೇವಿಸುವ ಇತರರಿಗೂ ಒಂದೆರಡು ಮಾತು. ಸಾಮಾನ್ಯವಾಗಿ 50 ಮಿಲಿಗ್ರಾಂ ಸಿಲ್ಡೆನಾಫಿಲ್ಲನ್ನು ಸುಮಾರು ಒಂದು ಗಂಟೆ ಮುಂಚೆ, ದಿನಕ್ಕೆ ಒಂದೇ ಬಾರಿ ಸೇವಿಸುವುದು ಕ್ರಮ. 65 ದಾಟಿದವರಿಗೆ 25ರಿಂದ ಆರಂಭಿಸುವುದುಂಟು. ಜಿಡ್ಡಿನ ಊಟದ ಮೇಲೆ ತೆಗೆದುಕೊಂಡರೆ ಪರಿಣಾಮ ತಡವಾಗುತ್ತದೆ, ಆಗ ಕೆಲಸ ಮಾಡಲಿಲ್ಲವೆಂದು ಇನ್ನೊಂದು ನುಂಗುವುದು ತಪ್ಪು. ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್‌ನಂಥ ಔಷಧಿ ಸೇವಿಸುತ್ತಿದ್ದರೆ ಅದನ್ನೂ ತಿಳಿಸಬೇಕು. ನಿಮಿರುವಿಕೆ 4 ಗಂಟೆ ದಾಟಿದರೆ, ದೃಷ್ಟಿ ಅಥವಾ ಶ್ರವಣ ಹಠಾತ್ತನೆ ಕುಂದಿದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ ಕೇಳಿದವರು:
ಸ್ಟ್ರಿಪ್ ನೋಡಿದೆ, ಐಸೋಸಾರ್ಬೈಡ್ ಡೈನೈಟ್ರೇಟ್ ಎಂದೇ ಇದೆ. ಸ್ನೇಹಿತರ ಮಾತ್ರೆಗಳನ್ನು ಹಿಂದಿರುಗಿಸಿದ್ದೇನೆ. ಗುರುವಾರ ವೈದ್ಯರ ಭೇಟಿಯಿದೆ. ಈ ಬಾರಿ ಮೊದಲ ಮಾತೇ ಇದಾಗಲಿದೆ.