ಬೋಜೊಲೆ ಗುಡ್ಡಗಳಲ್ಲಿ ಗೈಡೆಡ್ ಸೈಕಲ್ ಪ್ರವಾಸ: ಗೇರ್ ಬೈಕೋ, ಇ-ಬೈಕೋ?

ಏರುದಾರಿ:
ಸೆಪ್ಟೆಂಬರ್ ಮೊದಲ ವಾರ ಫ್ರಾನ್ಸಿನ ಬೋಜೊಲೆಯಲ್ಲಿ ಆರು ದಿನದ ಗೈಡೆಡ್ ಪ್ರವಾಸ ನೋಡ್ತಿದ್ದೀವಿ. ದಿನಕ್ಕೆ 45–60 ಕಿ.ಮೀ., ಒಟ್ಟು ಏರು 800ರಿಂದ 1,000 ಮೀಟರ್. ಲಗೇಜು ವ್ಯಾನಿನಲ್ಲಿ ಬರುತ್ತೆ. ಸಪಾಟು ರಸ್ತೆಯಲ್ಲಿ 60 ಕಿ.ಮೀ. ಕಷ್ಟವಿಲ್ಲ, ಏರು ಹತ್ತಿ ಅಭ್ಯಾಸ ಕಮ್ಮಿ. ಗೇರ್ ಬೈಕ್ ತಗೊಳ್ಳೋದಾ, ಇ-ಬೈಕಾ? ದಿನಾ ಎರಡು ಕಡೆ ವೈನ್ ರುಚಿ ನೋಡೋದೂ ಇದೆ. ಕುಡಿದು ತುಳಿಯೋದು ಸರಿನಾ?

ಹಲ್ಲುಚಕ್ರ:
ದೂರ ಬಿಡಿ, ಏರಿನ ಲೆಕ್ಕ ಹಾಕಿ. ಅಲ್ಲಿನ ಫ್ಲೆರಿ ಊರಿಂದ ಶಿರೂಬ್ಲ್ ಊರಿನ ಕಡೆ ಹತ್ತುವ ಸಣ್ಣ ರಸ್ತೆಗಳು ದ್ರಾಕ್ಷಿ ತೋಟದ ನಡುವೆ ಒಮ್ಮೆಲೇ ಕಡಿದಾಗುತ್ತವೆ. ಬುಕ್ ಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿ: ಮುಂದಿನ ಅತಿ ಚಿಕ್ಕ ಚೈನ್‌ರಿಂಗ್‌ಗೆ (ಪೆಡಲ್ ಪಕ್ಕದ ಹಲ್ಲುಚಕ್ರ) ಎಷ್ಟು ಹಲ್ಲು, ಕ್ಯಾಸೆಟ್‌ನ (ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲು) ಅತಿ ದೊಡ್ಡದಕ್ಕೆ ಎಷ್ಟು? 34ಕ್ಕೆ 34 ಇದ್ದರೆ ನಿಮಿಷಕ್ಕೆ 60 ಸುತ್ತು ತುಳಿದಾಗ ವೇಗ ಗಂಟೆಗೆ ಸುಮಾರು 7.5 ಕಿ.ಮೀ. ಸೈಕಲ್ ಸೇರಿ 85 ಕೆ.ಜಿ. ಆದವರಿಗೆ 8% ಏರಿನಲ್ಲಿ ಅದಕ್ಕೆ ಕಾಲಿನಿಂದ 150 ವ್ಯಾಟ್ ಶಕ್ತಿ ಸಾಕು. ಹಿಂದೆ ಬರೀ 28 ಹಲ್ಲಿದ್ದರೆ ಅದೇ ತುಳಿತಕ್ಕೆ 180 ಬೇಕು. ಮಂಡಿ ನೋವು ಶುರುವಾಗೋದು ಇಲ್ಲೇ. 34ಕ್ಕೆ 34ಕ್ಕಿಂತ ಹಗುರ ಗೇರ್ ಸಿಕ್ಕರೆ ಇನ್ನೂ ಒಳ್ಳೆಯದು.

ನಿಮ್ಮ ಅಭ್ಯಾಸಕ್ಕೆ ನಾನು ಹೇಳೋದು ಇ-ಬೈಕ್. ಆದರೆ ಬ್ಯಾಟರಿ ಲೆಕ್ಕ ತಿಳಿದಿರಲಿ. ನೀವೂ ಬೈಕೂ ಸೇರಿ 100 ಕೆ.ಜಿ. ಅಂದರೆ 1,000 ಮೀಟರ್ ಹತ್ತೋಕೇ 272 ವ್ಯಾಟ್-ಅವರ್ ಖರ್ಚು. ಮೋಟರ್‌ನಲ್ಲಿ ಸೋರುವುದೂ ಸೇರಿದರೆ ಇನ್ನೂ ಜಾಸ್ತಿ. ಇಡೀ ದಿನ ಟರ್ಬೊದಲ್ಲಿ (ಮೋಟರ್ ಅತಿ ಹೆಚ್ಚು ನೆರವು ಕೊಡುವ ಮೋಡ್) ಹೋದರೆ 500 ವ್ಯಾಟ್-ಅವರ್ ಬ್ಯಾಟರಿ ಕೊನೆಯ ಏರಿನಲ್ಲಿ ಕೈಕೊಡಬಹುದು. ಆಗ 25 ಕೆ.ಜಿ. ಬೈಕನ್ನು ನೀವೇ ತುಳಿಯಬೇಕು. ಸಪಾಟಿನಲ್ಲಿ ಕಮ್ಮಿ ನೆರವಿನ ಇಕೊ ಮೋಡ್, ಏರಿನಲ್ಲಿ ಮಾತ್ರ ಮೇಲಿನ ಮೋಡ್. ಗಂಟೆಗೆ 25 ಕಿ.ಮೀ. ದಾಟಿದರೆ ಮೋಟರ್ ನೆರವು ನಿಲ್ಲುತ್ತೆ, ಕೆಟ್ಟಿದೆ ಅಂದುಕೊಳ್ಳಬೇಡಿ.

ಇಳಿಜಾರು:
ಫ್ರಾನ್ಸ್‌ನಲ್ಲಿ ರಕ್ತದ ಆಲ್ಕೋಹಾಲ್ ಮಿತಿ ಲೀಟರ್‌ಗೆ 0.5 ಗ್ರಾಂ. ಸೈಕಲ್ ಸವಾರರಿಗೂ ಅದೇ ಕಾನೂನು. ಬೆಳಗಿನ ರುಚಿಯಲ್ಲಿ ಉಗುಳಿ, ಅದಕ್ಕೆಂದೇ ಪಾತ್ರೆ ಇಟ್ಟಿರುತ್ತಾರೆ, ಯಾರೂ ತಪ್ಪು ತಿಳಿಯಲ್ಲ. ಕುಡಿಯೋದೇ ಆದರೆ ಸವಾರಿ ಮುಗಿದ ಮೇಲೆ. ಎರಡನೇ ಭೇಟಿಯನ್ನು ಸಂಜೆಗೆ, ಹೋಟೆಲ್ ಇರುವ ಊರಿಗೇ ಹಾಕಿಸಿ.

ಇನ್ನೊಂದು, ಇದನ್ನು ಯಾರೂ ಹೇಳಲ್ಲ: ಅಲ್ಲಿನ ಬೈಕ್‌ಗಳಲ್ಲಿ ಸಾಮಾನ್ಯವಾಗಿ ಎಡಗೈ ಲಿವರ್ ಮುಂದಿನ ಬ್ರೇಕ್. ಮುಂದಿನ ಬ್ರೇಕ್ ಬಲಗೈಯಲ್ಲಿ ಇರೋದು ರೂಢಿಯಿದ್ದವರು ಗಾಬರಿಯಲ್ಲಿ ಎಡಗೈ ಲಿವರ್ ಹಿಂದಿನದೆಂದು ಬಿಗಿಹಿಡಿದರೆ ಮುಂದಿನ ಚಕ್ರ ಕಚ್ಚಿಕೊಂಡು ಹ್ಯಾಂಡಲ್ ಮೇಲಿಂದ ಬೀಳ್ತಾರೆ. ಮೊದಲ ದಿನ ಹೊರಡುವ ಮುಂಚೆ ಖಾಲಿ ಜಾಗದಲ್ಲಿ ಹತ್ತು ಸಲ ನಿಲ್ಲಿಸಿ ನೋಡಿ. ಸೆಪ್ಟೆಂಬರ್ ಕೊಯ್ಲಿನ ಸಮಯ, ತಿರುವುಗಳಲ್ಲಿ ಟ್ರ್ಯಾಕ್ಟರ್ ಚಕ್ರದ ಮಣ್ಣು ಬಿದ್ದಿರುತ್ತೆ. ಮಳೆ ಬಂದರೆ ಜಾರುತ್ತೆ. ಬ್ರೇಕ್ ತಿರುವಿಗೆ ಮುಂಚೆಯೇ ಹಾಕಿ, ತಿರುವಿನೊಳಗಲ್ಲ.

ಏರುದಾರಿ:
ಇ-ಬೈಕ್ ಅಂತಲೇ ಬರೀತೀನಿ. ಸ್ವಂತ ಸೀಟ್ ಒಯ್ಯಬಹುದಾ?

ಹಲ್ಲುಚಕ್ರ:
ಒಯ್ಯಿರಿ, ಪೆಡಲ್ ಕೂಡ. ಪೆಡಲ್ ತೋಳು ತಿರುಗುವ ನಟ್ಟನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರವನ್ನು ಮನೆಯಲ್ಲೇ ಮಿ.ಮೀ.ನಲ್ಲಿ ಅಳೆದು ಅವರಿಗೆ ಕಳಿಸಿ. ಎಡ ಪೆಡಲ್‌ದು ಉಲ್ಟಾ ಥ್ರೆಡ್, ಬಿಚ್ಚುವಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು.